ಇಲಿಗಳಿಗಷ್ಟೇ, ಮನುಷ್ಯರಿಗಿನ್ನೂ ಅಲ್ಲ: ಡಾ. ರಾಧಾಮಣಿಯವರ ಔಷಧ ಸಂಶೋಧನೆಯ ಮೂರು ದಶಕ

ಕ್ಯಾನ್ಸರ್ ಔಷಧಿಯನ್ನು ಮೈಯೆಲ್ಲ ಹರಡಲು ಬಿಡದೆ ಗಡ್ಡೆಯಿರುವ ಜಾಗಕ್ಕೇ ಒಯ್ದು ಮುಟ್ಟಿಸುವುದು ಹೇಗೆ ಎಂಬ ಪ್ರಶ್ನೆಯ ಸುತ್ತ ಕಳೆದ ಕೆಲವು ದಶಕಗಳಲ್ಲಿ ಜಗತ್ತಿನಾದ್ಯಂತ ನಡೆದಿರುವ ಸಂಶೋಧನೆ ಅಪಾರವಾದುದು. ದೊಡ್ಡ ದೊಡ್ಡ ಪ್ರಯೋಗಾಲಯಗಳ, ದೊಡ್ಡ ದೊಡ್ಡ ನಗರಗಳ ಹೆಸರುಗಳೇ ತುಂಬಿರುವ ಆ ಕ್ಷೇತ್ರದ ಪ್ರಬಂಧಗಳಲ್ಲಿ ರಾಮನಗರದ ಒಂದು ಫಾರ್ಮಸಿ ಕಾಲೇಜಿನ ಹಿಂಭಾಗದ, ಹಿಂದೊಮ್ಮೆ ಉಗ್ರಾಣವಾಗಿದ್ದ ಕೋಣೆಯ ವಿಳಾಸವೂ ಕಾಣಸಿಗುತ್ತದೆಯೆಂದರೆ ಅದು ಡಾ. ರಾಧಾಮಣಿಯವರ ದುಡಿಮೆಯ ಫಲ. ಈ ವರ್ಷ ಅವರು ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಅವರು ಪ್ರಕಟಿಸಿದ ಪ್ರಬಂಧಗಳನ್ನು ಕುರಿತು ಈ ಅಭಿನಂದನ ಸಂಪುಟದಲ್ಲಿ ತಿಳಿದವರು ಬರೆದಿದ್ದಾರೆ. ಇಲ್ಲಿ ಹೇಳಹೊರಟಿರುವುದು ಆ ಪ್ರಬಂಧಗಳ ನಡುವೆ ಅವರು ಬದುಕಿದ ಬಗೆಯನ್ನು.

ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದ ರೈತ ಮುನಿರಾಮಯ್ಯನವರ ಮಗಳು ರಾಧಾಮಣಿ. ಊರಿನಲ್ಲಿ ಶಾಲೆ, ಚನ್ನಪಟ್ಟಣದಲ್ಲಿ ಕಾಲೇಜು, ಅಲ್ಲಿಂದ ಬೆಂಗಳೂರಿಗೆ ಫಾರ್ಮಸಿ ಪದವಿ. ಔಷಧಿ ಅಂಗಡಿಯೊಂದನ್ನು ಇಟ್ಟುಕೊಂಡು ಮಗಳು ಊರಿನ ಹತ್ತಿರವೇ ಇರಲಿ ಎಂಬುದು ತಂದೆಯ ಆಸೆಯಾಗಿತ್ತು. ಮಗಳಿಗೂ ಅದರಲ್ಲಿ ತಕರಾರೇನಿರಲಿಲ್ಲ. ಆ ಲೆಕ್ಕಾಚಾರ ತಪ್ಪಿದ್ದು ಸೋದರತ್ತೆ ದೊಡ್ಡಲಕ್ಷ್ಮಮ್ಮನವರಿಂದ. ಅವರಿಗೆ ಎದೆಯಲ್ಲಿ ಗಡ್ಡೆಯಾಗಿ, ದೊಡ್ಡಾಸ್ಪತ್ರೆಯಲ್ಲಿ ಔಷಧಿ ಶುರುವಾಗಿ, ಎರಡು ಸುತ್ತು ಮುಗಿಯುವಷ್ಟರಲ್ಲಿ ಅವರು ಯಾರಿಗೂ ಹೇಳದೆ ಬಸ್ಸು ಹತ್ತಿ ಊರಿಗೆ ಬಂದುಬಿಟ್ಟರು. ರಜೆಗೆ ಬಂದಿದ್ದ ರಾಧಾಮಣಿ ಜಗಲಿಯ ಮೇಲೆ ಅವರ ಪಕ್ಕ ಕೂತು, ವಾಪಸು ಹೋಗು ಅತ್ತೆ ಎಂದು ಗೋಗರೆದರು.

"ರೋಗಕ್ಕೆ ಎದ್ರಲಿಲ್ಲ ಕಣವ್ವ, ಔಷ್ದಿಗೆ ಎದ್ರಿ ಬಂದ್ಬುಟ್ಟೆ. ಗಡ್ಡೆ ಇರೋದು ಇಲ್ಲಿ ಒಸಿ ಜಾಗದಲ್ಲಿ. ಔಷ್ದಿ ನನ್ ನಾಲ್ಗೆ, ಕೂದ್ಲು, ಹೊಟ್ಟೆ, ಉಗುರು ಎಲ್ಲಾನೂ ಸುಟ್ಬುಡ್ತು. ಇದ್ಯಾವ ನ್ಯಾಯ ಹೇಳು" ಎಂದರು ದೊಡ್ಡಲಕ್ಷ್ಮಮ್ಮ.

ಫಾರ್ಮಸಿ ಓದುತ್ತಿದ್ದ ಹುಡುಗಿಗೆ ಉತ್ತರ ಗೊತ್ತಿತ್ತು. ರಕ್ತಕ್ಕೆ ಸೇರಿದ ಔಷಧಿಗೆ ಗಡ್ಡೆ ಯಾವುದು, ಕೂದಲಿನ ಬುಡ ಯಾವುದು ಎಂಬ ಭೇದ ತಿಳಿಯುವುದಿಲ್ಲ, ಬೇಗ ಬೆಳೆಯುವ ಜೀವಕೋಶ ಎಲ್ಲಿದ್ದರೂ ಅದನ್ನು ಹೊಡೆಯುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದರು. ಆದರೆ ಆ ಉತ್ತರವನ್ನು ಅತ್ತೆಯ ಮುಖ ನೋಡಿಕೊಂಡು ಹೇಳಲಾಗಲಿಲ್ಲ. ಮುಂದಿನ ಯುಗಾದಿಗೆ ದೊಡ್ಡಲಕ್ಷ್ಮಮ್ಮ ಇರಲಿಲ್ಲ. ಔಷಧಿ ಅಂಗಡಿಯ ಮಾತನ್ನು ರಾಧಾಮಣಿಯವರು ಮತ್ತೆಂದೂ ಎತ್ತಲಿಲ್ಲ. ಸ್ನಾತಕೋತ್ತರ ಪದವಿ, ಆಮೇಲೆ ಸಂಶೋಧನೆ ಎಂದು ಓದುತ್ತಲೇ ಹೋದರು.

ತೊಂಬತ್ತರ ದಶಕದ ನಡುವಿನಲ್ಲಿ ಅವರು ರಾಮನಗರದ ಕಾಲೇಜಿಗೆ ಉಪನ್ಯಾಸಕಿಯಾಗಿ ಬಂದಾಗ ಅಲ್ಲಿ ಸಂಶೋಧನೆಯೆಂಬ ಮಾತೇ ಇರಲಿಲ್ಲ. ಮುರಿದ ಬೆಂಚುಗಳನ್ನು ಪೇರಿಸಿಟ್ಟಿದ್ದ ಕೋಣೆಯೊಂದನ್ನು ಕೇಳಿ ಪಡೆದು, ತಾವೇ ಸುಣ್ಣ ಹೊಡೆಸಿ, ಬೇರೆ ಕಾಲೇಜಿನವರು ಬೇಡವೆಂದು ತೆಗೆದಿಟ್ಟಿದ್ದ ಯಂತ್ರವೊಂದನ್ನು ಬೇಡಿ ತಂದು ಕೆಲಸ ಆರಂಭಿಸಿದರು. ಅವರ ಉದ್ದೇಶವನ್ನು ಸರಳವಾಗಿ ಹೀಗೆ ಹೇಳಬಹುದು: ಆಪರೇಷನ್ ಆದಮೇಲೆ ಹಾಕುವ, ಬಿಚ್ಚುವ ಅಗತ್ಯವಿಲ್ಲದೆ ಮೈಯೊಳಗೇ ಕರಗಿಹೋಗುವ ಹೊಲಿಗೆಯ ದಾರವುಂಟಲ್ಲ, ಅದೇ ಜಾತಿಯ ಪಾಲಿಮರಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ಮಾಡುವುದು, ಔಷಧಿಯನ್ನು ಅವುಗಳ ಒಳಗಿಡುವುದು, ಗಡ್ಡೆಯ ಜೀವಕೋಶಗಳು ಹಾತೊರೆದು ಹಿಡಿದುಕೊಳ್ಳುವಂಥ ಒಂದು ವಿಟಮಿನ್ನನ್ನು ಹೊರಮೈಗೆ ಅಂಟಿಸುವುದು. ಕಣ ಗಡ್ಡೆಯನ್ನು ಸೇರಿ ಅಲ್ಲಿ ಮೆಲ್ಲಗೆ ಕರಗಿದರೆ ಔಷಧಿ ಅಲ್ಲಿಯೇ ಬಿಡುಗಡೆಯಾಗುತ್ತದೆ. ಪಾಲಿಮರ್ ಮೈಗೆ ಹೊರೆಯಾಗದೆ ಹೊರಟುಹೋಗುತ್ತದೆ. ಹೇಳುವುದಕ್ಕೆ ಇಷ್ಟೇ. ಮಾಡುವುದಕ್ಕೆ ಅವರ ಆಯುಸ್ಸಿನ ಅರ್ಧ ಬೇಕಾಯಿತು.

ಕಣಗಳನ್ನು ಮಾಡುವಾಗ ದ್ರಾವಣ ಬಿಸಿಯಾಗಕೂಡದು. ಪಾತ್ರೆಯನ್ನು ಐಸಿನಲ್ಲಿ ಹೂತಿಟ್ಟೇ ಕದಡಬೇಕು. ಕಾಲೇಜಿನ ಫ್ರಿಜ್ಜು ಕರೆಂಟನ್ನು ನಂಬಿಕೊಂಡಿತ್ತು, ಕರೆಂಟನ್ನು ನಂಬುವ ಹಾಗಿರಲಿಲ್ಲ. ಆಗ ನೆರವಾದವರು ಅವರ ಪತಿ, ಚನ್ನಪಟ್ಟಣದ ಪ್ರೌಢಶಾಲೆಯ ಗಣಿತದ ಮೇಷ್ಟ್ರು ಅನಂತರಾಜು. ಐಸ್ ಕ್ಯಾಂಡಿ ಮಾಡುವವರಿಂದ ಐಸ್ ಗಡ್ಡೆ ಕೊಂಡು, ಹಾಲಿನ ಕ್ಯಾನಿಗೆ ತುಂಬಿ, ಗೋಣಿಚೀಲ ಸುತ್ತಿ, ಸ್ಕೂಟರಿನಲ್ಲಿ ರಾಮನಗರಕ್ಕೆ ತಂದುಕೊಟ್ಟು, ಬೆಲ್ ಹೊಡೆಯುವಷ್ಟರಲ್ಲಿ ತಮ್ಮ ಶಾಲೆಗೆ ಮರಳುತ್ತಿದ್ದರು. "ಬೇರೆ ಗಂಡಂದಿರು ಹೆಂಡ್ತಿಗೆ ಮಲ್ಲಿಗೆ ತರ್ತಾರೆ. ನಾನು ಐಸ್ ತಂದೆ. ಎರಡೂ ಸಾಯಂಕಾಲದ ತನಕ ಇರಲ್ಲ ಬಿಡಿ" ಎಂದು ಅವರು ಈಗಲೂ ನಗೆಯಾಡುವುದುಂಟು. ರಾಧಾಮಣಿ ಮೇಡಮ್ಮನವರು ತಮ್ಮ ಮೊದಲ ಪ್ರಬಂಧದ ಕೊನೆಯಲ್ಲಿ ಕೃತಜ್ಞತೆ ಹೇಳುವಾಗ ಪತಿಯ ಹೆಸರನ್ನು ಸೇರಿಸಿ, "ಸಾಗಣೆಗಾಗಿ" ಎಂದು ಬರೆದರು. ಆ ವಿದೇಶೀ ಪತ್ರಿಕೆಯ ಸಂಪಾದಕರಿಗೆ ಅದು ಏನೆಂದು ತಿಳಿದಿರಲಾರದು.

ಅವರ ಕೈಕೆಳಗೆ ಸಂಶೋಧನೆ ಮಾಡಿದ ಹಲವರಲ್ಲಿ ಶಬ್ನಮ್ ಅವರ ಹೆಸರನ್ನು ಇಲ್ಲಿ ಬಿಡುವಂತಿಲ್ಲ. ಚನ್ನಪಟ್ಟಣದ ಗೊಂಬೆ ಕೆಲಸದವರ ಮನೆಯ ಹುಡುಗಿ. ಓದುತ್ತಿರುವಾಗಲೇ ಮದುವೆಯಾಗಿ, ಸಂಶೋಧನೆಯ ನಡುವೆ ಬಸುರಿಯಾದಳು. ಕ್ಯಾನ್ಸರಿನ ಔಷಧಿಯ ಪುಡಿ ಹೊಟ್ಟೆಯಲ್ಲಿರುವ ಕೂಸಿಗೆ ಅಪಾಯ. ವಿಷಯ ತಿಳಿದ ಅತ್ತೆ ಮುನ್ನೀ ಅವರು ಓದೇ ಬೇಡವೆಂದರು. ಶಬ್ನಮ್ ಕಣ್ಣೀರಿಟ್ಟುಕೊಂಡು ಬಂದು ಹೇಳಿದ ದಿನವೇ ರಾಧಾಮಣಿಯವರು ಅವಳ ಮನೆಗೆ ಹೋದರು. ತಿಂಡಿಯ ತಟ್ಟೆ ಮುಂದಿಟ್ಟು ಮುನ್ನೀ ಅವರು ಖಂಡಿತವಾಗಿ ಹೇಳಿದರು: "ಓದು ಬೇಡ ಅಂತ ನಾನು ಹಟ ಮಾಡ್ತಿಲ್ಲ ಮೇಡಂ. ಆ ವಿಷದ ಹತ್ರ ನಮ್ಮ ಹುಡುಗಿ ಹೋಗೋದು ಬೇಡ."

"ನೀವು ಹೇಳೋದು ಸರಿಯಾಗೇ ಇದೆ. ಅವಳು ಅದನ್ನ ಮುಟ್ಟಲ್ಲ. ಅವಳ ಪಾಲಿಂದು ನಾನು ಮುಟ್ತೀನಿ."

"ನಿಮ್ಗೇನಾದ್ರೂ ಆದ್ರೆ?"

"ನಂಗೆ ಹೆರೋ ವಯಸ್ಸು ದಾಟಿದೆ ಕಣಮ್ಮ. ಕೈಗವಸು ಐತೆ, ಗಾಳಿ ಎಳೆಯೋ ಪೆಟ್ಟಿಗೆ ಐತೆ. ನೀವು ಒಸಿ ಧೈರ್ಯ ತಗೊಳ್ಳಿ."

ಅಂದಿನಿಂದ ಮಗು ಹುಟ್ಟಿ ಹಾಲು ಬಿಡುವವರೆಗೆ ಔಷಧಿಯನ್ನು ತೂಗುವ, ಕರಗಿಸುವ, ಕಣಗಳಿಗೆ ತುಂಬುವ ಕೆಲಸವಷ್ಟನ್ನೂ, ಪಾಠ ಪ್ರವಚನಗಳ ಹೊರೆಯ ಜೊತೆಗೆ, ರಾಧಾಮಣಿಯವರೇ ಮಾಡಿದರು. ಶಬ್ನಮ್ ಬೇರೆ ಕೋಣೆಯಲ್ಲಿ ಕುಳಿತು ಔಷಧಿಯಿಲ್ಲದ ಖಾಲಿ ಕಣಗಳ ಗಾತ್ರ, ಮೇಲ್ಮೈ, ಕರಗುವ ವೇಗ ಇವನ್ನು ಪರೀಕ್ಷಿಸಿದಳು. ಪ್ರಬಂಧದಲ್ಲಿ ಮೊದಲ ಹೆಸರು ಶಬ್ನಮ್‌ದೇ ಆಯಿತು. ಖಾಲಿ ಕಣ ಚೆನ್ನಾಗಿಲ್ಲದಿದ್ದರೆ ತುಂಬಿದ ಕಣ ಎಲ್ಲಿಂದ ಬರಬೇಕು ಎಂಬುದು ಅವರು ಕೊಟ್ಟ ಕಾರಣ.

ಇನ್ನು ಹೇಳಬೇಕಾದದ್ದು ಎರಡು ಸಾವಿರದ ಹದಿನೇಳರ ವಿಚಾರ. ಆ ವರ್ಷ ಅವರ ಕಣಗಳನ್ನು ಗಡ್ಡೆಯಿದ್ದ ಇಲಿಗಳಿಗೆ ಕೊಟ್ಟು ನೋಡಿದಾಗ ಗಡ್ಡೆಗಳು ಕುಗ್ಗಿದವು. ಇಲಿಗಳು ಮೇವು ತಿಂದುಕೊಂಡು, ತೂಕ ಕಳೆದುಕೊಳ್ಳದೆ ಓಡಾಡಿಕೊಂಡಿದ್ದವು. ಬರಿಯ ಔಷಧಿ ಪಡೆದ ಇಲಿಗಳು ಮೂಲೆ ಹಿಡಿದಿದ್ದವು. ಆ ದಿನ ರಾಧಾಮಣಿಯವರು ಪ್ರಾಣಿಗಳ ಕೋಣೆಯಿಂದ ಹೊರಬಂದು ಮೆಟ್ಟಿಲ ಮೇಲೆ ಕೂತುಬಿಟ್ಟರಂತೆ. ದೊಡ್ಡಲಕ್ಷ್ಮಮ್ಮನವರ ನೆನಪಾಯಿತೆಂದು ಮನೆಯಲ್ಲಿ ಹೇಳಿಕೊಂಡರು.

ಕಾಲೇಜಿನ ವಾರ್ಷಿಕೋತ್ಸವ ಹತ್ತಿರದಲ್ಲಿತ್ತು. ಆಡಳಿತ ಮಂಡಳಿಯ ಕಾರ್ಯದರ್ಶಿ ಲಿಂಗಯ್ಯನವರು ಕಾಲೇಜನ್ನು ತಮ್ಮ ಮನೆಯಂತೆಯೇ ಕಂಡವರು. ಸಂತೋಷ ತಡೆಯಲಾರದೆ ಪತ್ರಿಕೆಯವರೊಬ್ಬರ ಮುಂದೆ ನಾಲ್ಕು ಮಾತು ಹೆಚ್ಚಾಗಿ ಆಡಿದರು. "ರಾಮನಗರದ ಪ್ರಾಧ್ಯಾಪಕಿಯಿಂದ ಕ್ಯಾನ್ಸರಿಗೆ ಮದ್ದು" ಎಂದು ಮರುದಿನ ಸುದ್ದಿ ಬಂತು. ಅದರ ಮರುದಿನದಿಂದ ಕಾಲೇಜಿನ ಗೇಟಿನ ಮುಂದೆ ಜನ. ಮಾಗಡಿ, ಕನಕಪುರ, ಆಚೆ ಮಂಡ್ಯದ ಕಡೆಯಿಂದಲೂ ಬಂದರು. ಬಗಲಲ್ಲಿ ಸ್ಕ್ಯಾನಿನ ದೊಡ್ಡ ಕವರುಗಳು, ಜೊತೆಯಲ್ಲಿ ಮಾತು ನಿಂತುಹೋದ ಹೆಂಡತಿಯರು, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿದ್ದ ತಂದೆಯರು. ರಾಧಾಮಣಿಯವರು ಯಾರನ್ನೂ ಕಾವಲಿನವನ ಬಾಯಿಂದ ಹೇಳಿಸಿ ಕಳಿಸಲಿಲ್ಲ. ಹೊಂಗೆ ಮರದ ಕೆಳಗೆ ಬೆಂಚು ಹಾಕಿಸಿ, ಒಬ್ಬೊಬ್ಬರನ್ನೂ ಕೂರಿಸಿ, ಇದು ಇಲಿಗಳಿಗಷ್ಟೇ ಕೊಟ್ಟು ನೋಡಿರುವುದು, ಮನುಷ್ಯರಿಗಿನ್ನೂ ಅಲ್ಲ ಎಂದು ಹೇಳಿದರು. ಅವರ ರಿಪೋರ್ಟುಗಳನ್ನು ಓದಿ, ಯಾವ ಆಸ್ಪತ್ರೆಗೆ, ಯಾವ ವಿಭಾಗಕ್ಕೆ ಹೋಗಬೇಕೆಂದು ತಿಳಿಸಿದರು. ಕೆಲವರು ಕೈಮುಗಿದು ಹೋದರು. ಕೆಲವರು ಬೈದು ಹೋದರು.

ಹಾಗೆ ಬಂದವರಲ್ಲಿ ಮಾಗಡಿ ತಾಲ್ಲೂಕಿನ ಕೆಂಪಾಪುರದ ಬೈರಮ್ಮ ಮತ್ತು ಅವರ ಮಗ ಶಿವಕುಮಾರ್ ಇದ್ದರು. ತಾಯಿಗೆ ಎದೆಯ ಕ್ಯಾನ್ಸರ್. ಗುಣವಾಗುವ ಹಂತದಲ್ಲೇ ಇತ್ತು. ಆದರೆ ಔಷಧಿಯ ಮೊದಲ ಸುತ್ತಿಗೇ ಬೇಸತ್ತು ಆಕೆ ಆಸ್ಪತ್ರೆ ಬಿಟ್ಟಿದ್ದರು. ಶಿವಕುಮಾರ್ ನಿಂತೇ ಮಾತಾಡಿದರು.

"ಮೇಡಂ, ನಾನು ಎಲ್ಲಿ ಸೈನ್ ಹಾಕು ಅಂದ್ರೆ ಅಲ್ಲಿ ಹಾಕ್ತೀನಿ. ಏನಾದ್ರೂ ಆದ್ರೆ ನಿಮ್ಮನ್ನ ಒಂದ್ ಮಾತು ಕೇಳಲ್ಲ. ಒಂದ್ ಬಾಟ್ಲು ಕೊಡಿ."

"ಆಗಲ್ಲಪ್ಪ."

"ಇಲಿಗೆ ಕೊಡ್ತೀರ, ನಮ್ಮವ್ವಂಗೆ ಕೊಡಲ್ವಾ? ಇಲಿಗಿಂತ ಕಡೆ ಆಗೋದ್ಲಾ ನಮ್ಮವ್ವ?"

ರಾಧಾಮಣಿಯವರು ಒಮ್ಮೆ ಹಿಂತಿರುಗಿ ನೋಡಿದರು. ಬೀಗ ಹಾಕಿದ ಕೋಣೆ ಹಿಂದೆಯೇ ಇತ್ತು, ಅದರೊಳಗಿನ ಫ್ರಿಜ್ಜಿನಲ್ಲಿ ಬಾಟಲಿಗಳಿದ್ದವು, ಇಲಿಗಳಲ್ಲಿ ಅದು ಕೆಲಸ ಮಾಡಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಕೊಟ್ಟುಬಿಡಲೇ ಎಂದು ಒಂದು ಗಳಿಗೆ ಮನಸ್ಸು ಹೊಯ್ದಾಡಿತು ಎಂಬುದನ್ನು ಅವರು ಮುಂದೆ ತಮ್ಮ ವಿದ್ಯಾರ್ಥಿಗಳೆಲ್ಲರಿಗೂ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಕೊನೆಗೆ ಅವರು ಮಗನನ್ನು ಬಿಟ್ಟು ತಾಯಿಯ ಕಡೆ ತಿರುಗಿದರು.

"ಬೈರಕ್ಕ, ಇಲಿಗೆ ಏನಾದ್ರೂ ಆದ್ರೆ ಇನ್ನೊಂದು ಇಲಿ ತತ್ತೀನಿ. ನಿಂಗೇನಾದ್ರೂ ಆದ್ರೆ ನಿನ್ ಮಗಂಗೆ ಎಲ್ಲಿಂದ ತರ್ಲಿ? ಇದು ಇನ್ನೂ ಔಷ್ದಿ ಆಗಿಲ್ಲ. ಔಷ್ದಿ ಅಂತ ಆಗಿರೋದು ಆಸ್ಪತ್ರೇಲಿ ಐತೆ."

"ಅದ್ನ ತಡ್ಕಳಕ್ಕಾಗಲ್ಲ ಕಣವ್ವ. ಊರ್ಗೇ ಹೋಯ್ತೀನಿ" ಎಂದರು ಬೈರಮ್ಮ.

ಮೂವತ್ತು ವರ್ಷಗಳ ಹಿಂದೆ ಜಗಲಿಯ ಮೇಲೆ ಕೂತು ಸೋತಿದ್ದ ರಾಧಾಮಣಿಯವರು ಈ ಸಲ ಸೋಲಲು ಸಿದ್ಧರಿರಲಿಲ್ಲ. "ಊರ್ಗೆ ಹೋಗ್ಬಾರ್ದು. ನಾನೂ ನಿನ್ ಜೊತೆ ಆಸ್ಪತ್ರೆಗೆ ಬತ್ತೀನಿ. ವಾಂತಿಗೆ ಮುಂಚೇನೇ ಕೊಡೋ ಮಾತ್ರೆ ಐತೆ, ಬಾಯಿ ಹುಣ್ಣಿಗೆ ಬೇರೆ ಐತೆ, ಕೇಳಿ ಕೊಡಿಸ್ತೀನಿ. ನೀನು ಬೈಕಂಡಾದ್ರೂ ಸರಿ, ಪೂರ್ತಿ ಮುಗಿಸ್ಬೇಕು" ಎಂದರು.

ಹೇಳಿದಂತೆ ನಡೆದುಕೊಂಡರು. ರಜೆ ಹಾಕಿ, ರಾಮನಗರದಿಂದ ರೈಲು ಹಿಡಿದು, ಬೈರಮ್ಮನವರ ಪ್ರತಿ ಸುತ್ತಿಗೂ ಆಸ್ಪತ್ರೆಯಲ್ಲಿ ಪಕ್ಕದ ಸ್ಟೂಲಿನ ಮೇಲೆ ಕೂತರು. ಬೈರಮ್ಮ ನಿಜವಾಗಿಯೂ ಬೈದರು. ಮನೆತನವನ್ನೂ ಸೇರಿಸಿ ಬೈದರು. ಮೇಡಮ್ಮನವರು ಕಿತ್ತಳೆ ಹಣ್ಣಿನ ಸಿಪ್ಪೆ ಬಿಡಿಸುತ್ತ ಕೇಳಿಸಿಕೊಂಡರು.

ಇತ್ತ ಪತ್ರಿಕೆಯ ಸುದ್ದಿ ಇನ್ನೂ ಓಡುತ್ತಲೇ ಇತ್ತು. ಅದನ್ನು ತಿದ್ದಿಸಬೇಕೆಂದು ಅವರು ಲಿಂಗಯ್ಯನವರನ್ನು ಕಂಡರು. ಹೊಸ ಸಂಶೋಧನಾ ಕಟ್ಟಡದ ಮಂಜೂರಾತಿ ಮಾತುಕತೆಯಲ್ಲಿದ್ದ ಹೊತ್ತದು.

"ಸುಳ್ಳೇನೂ ಬರೆದಿಲ್ವಲ್ಲ ಮೇಡಂ. ಇವತ್ತಲ್ಲ ನಾಳೆ ಆಗೋದೇ ಅಲ್ವಾ? ಕಟ್ಟಡ ಕೈಗೆ ಬರಲಿ, ಆಮೇಲೆ ನೋಡಣ" ಎಂದರು ಲಿಂಗಯ್ಯ.

"ಅಲ್ಲೀವರೆಗೆ ಗೇಟ್ ಹತ್ರ ಬರೋರು ಆಸ್ಪತ್ರೆ ಬಿಟ್ಟು ಬರ್ತಾರೆ ಸಾರ್. ನಮ್ಮ ಕಟ್ಟಡಕ್ಕೆ ಅವರು ಕಾಯೋ ಹಾಗಿಲ್ಲ."

ಆ ವಾರವೇ ಅವರು ತಮ್ಮ ಹೆಸರಿನಲ್ಲಿ ಎಲ್ಲ ಪತ್ರಿಕೆಗಳಿಗೂ ಸ್ಪಷ್ಟನೆ ಕೊಟ್ಟರು. ಹೊಸ ಕಟ್ಟಡ ಬರಲಿಲ್ಲ. ಹಿರಿತನದ ಮೇಲೆ ಅವರಿಗೆ ಬರಬೇಕಾಗಿದ್ದ ವಿಭಾಗದ ಮುಖ್ಯಸ್ಥರ ಹುದ್ದೆಯೂ ಆಗ ಬರಲಿಲ್ಲ. ಇವೆರಡರ ಬಗ್ಗೆಯೂ ಅವರು ಕಹಿಯಾಗಿ ಮಾತಾಡಿದ್ದನ್ನು ಕೇಳಿದವರಿಲ್ಲ. ಲಿಂಗಯ್ಯನವರು ಕೆಲವು ಕಾಲ ಎದುರಾದರೆ ಮುಖ ತಿರುಗಿಸುತ್ತಿದ್ದರು; ತಮ್ಮ ಅಣ್ಣನಿಗೆ ಗಂಟಲಿನ ಕಾಯಿಲೆಯಾದಾಗ ರಿಪೋರ್ಟು ಹಿಡಿದು ಹೊಂಗೆ ಮರದ ಬೆಂಚಿಗೇ ಬಂದರು. ಈ ಅಭಿನಂದನ ಸಮಿತಿಯ ಅಧ್ಯಕ್ಷತೆಯನ್ನು ತಾವಾಗಿ ಕೇಳಿ ವಹಿಸಿಕೊಂಡವರೂ ಅವರೇ ಎಂಬುದನ್ನು ಇಲ್ಲಿ ಸಂತೋಷದಿಂದ ದಾಖಲಿಸಬೇಕು.

ಎರಡು ವರ್ಷಗಳ ನಂತರ ಅದೇ ಕಣಗಳನ್ನು ಮೊಲಗಳ ಮೇಲೆ ಪರೀಕ್ಷಿಸಲಾಯಿತು. ಇಲಿಗಳಲ್ಲಿ ಕಾಣದಿದ್ದದ್ದು ಇಲ್ಲಿ ಕಂಡಿತು. ಗಡ್ಡೆಯನ್ನು ತಲುಪಬೇಕಾದ ಕಣಗಳಲ್ಲಿ ಬಹುಪಾಲನ್ನು ಯಕೃತ್ತು ದಾರಿಯಲ್ಲೇ ಹಿಡಿದುಕೊಂಡು, ಒಳಗಿನ ಔಷಧಿಯಿಂದ ತಾನೇ ಕೆಡತೊಡಗಿತ್ತು. ಇಪ್ಪತ್ತು ವರ್ಷಗಳಿಗೂ ಮೀರಿದ ಕೆಲಸ. ಶಬ್ನಮ್ ಅಷ್ಟರಲ್ಲಿ ಡಾಕ್ಟರೇಟ್ ಮುಗಿಸಿ ಬೇರೊಂದು ಸಂಸ್ಥೆಯಲ್ಲಿ ವಿಜ್ಞಾನಿಯಾಗಿದ್ದರು. ಫೋನಿನಲ್ಲಿ ಸುದ್ದಿ ಕೇಳಿ ಅತ್ತರು. ರಾಧಾಮಣಿಯವರು ಅಂದು ಮನೆಗೆ ಹೋಗಿ ಮಲಗಿಬಿಟ್ಟರೆಂದೂ, ಮರುದಿನ ಎದ್ದು, "ಬರೀಬೇಕು ರೀ, ಕೆಟ್ಟಿದ್ದನ್ನೂ ಬರೀಬೇಕು. ಇಲ್ದಿದ್ರೆ ಇನ್ಯಾರೋ ಇದೇ ಗುಂಡಿಗೆ ಬೀಳ್ತಾರೆ" ಎಂದರೆಂದೂ ಅನಂತರಾಜು ಅವರು ನೆನೆಯುತ್ತಾರೆ. ಯಶಸ್ಸಿನ ಪ್ರಬಂಧಗಳನ್ನು ಬರೆದಷ್ಟೇ ಶ್ರದ್ಧೆಯಿಂದ, ಯಾವ ಗಾತ್ರದ ಕಣ ಎಷ್ಟು ಹೊತ್ತಿನಲ್ಲಿ ಯಕೃತ್ತಿಗೆ ಸಿಕ್ಕಿತೆಂಬುದನ್ನೆಲ್ಲ ಬಿಡಿಸಿ ಬರೆದು ಪ್ರಕಟಿಸಿದರು.

ಅದಾದ ಕೆಲವೇ ದಿನಗಳಲ್ಲಿ ಶಿವಕುಮಾರ್ ಕಾಲೇಜಿಗೆ ಬಂದರು. ತಾಯಿ ಗುಣವಾಗಿ ಮೊದಲಿನಂತೆ ಹಸು ನೋಡಿಕೊಂಡಿದ್ದರು; ಮನೆಯ ತುಪ್ಪ ಕೊಟ್ಟುಹೋಗಲು ಬಂದದ್ದು. ಮೇಡಮ್ಮನವರು ತುಪ್ಪದ ಡಬ್ಬಿ ತೆಗೆದುಕೊಳ್ಳುವ ಮೊದಲೇ ಮೊಲಗಳ ವಿಷಯ ಹೇಳಿದರು. ಶಿವಕುಮಾರ್ ಡಬ್ಬಿಯನ್ನು ಕೆಳಗಿಟ್ಟು ಕೇಳಿದರು.

"ಅಂದ್ರೆ ಅವತ್ತು ನೀವು ಕೊಟ್ಟಿದ್ರೆ?"

"ನಿಮ್ಮವ್ವನ ಲಿವರ್ ಕೆಡೋ ಸಾಧ್ಯತೆ ಇತ್ತು. ನಂಗೂ ಅವತ್ತು ಗೊತ್ತಿರ್ಲಿಲ್ಲ ಶಿವಕುಮಾರ್. ಗೊತ್ತಿಲ್ಲ ಅನ್ನೋದೊಂದೇ ಗೊತ್ತಿತ್ತು."

ಶಿವಕುಮಾರ್ ಬಗ್ಗಿ ಅವರ ಕಾಲು ಮುಟ್ಟಲು ಹೋದರು. "ಏಳಪ್ಪ, ಇದೇನಿದು" ಎಂದು ಅವರನ್ನು ತಡೆದ ರಾಧಾಮಣಿಯವರು, ಆ ಕ್ಷಣದಲ್ಲಿ ಮೊದಲ ಬಾರಿಗೆ ತಮ್ಮ ವಿದ್ಯಾರ್ಥಿಗಳೆದುರು ಕಣ್ಣೊರೆಸಿಕೊಂಡರು.

ವಿಫಲವೆಂದು ಬರೆದ ಆ ಪ್ರಬಂಧವನ್ನೇ ಆಧಾರವಾಗಿಟ್ಟುಕೊಂಡು ಶಬ್ನಮ್ ಮತ್ತು ಅವರ ತಂಡದವರು ಕಣದ ಗಾತ್ರವನ್ನು ಇಳಿಸಿ, ಹೊರಮೈಯನ್ನು ಬದಲಿಸಿ, ಯಕೃತ್ತಿನ ಕೈಗೆ ಅಷ್ಟಾಗಿ ಸಿಗದ ಹೊಸ ಕಣವನ್ನು ಮಾಡಿದರು. ಮೊಲಗಳು, ಅವುಗಳಿಗಿಂತ ದೊಡ್ಡ ಪ್ರಾಣಿಗಳು ಎಲ್ಲವನ್ನೂ ದಾಟಿ, ಈ ವರ್ಷ ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆಗೆ ಅನುಮತಿ ಸಿಕ್ಕಿದೆ. ಪರೀಕ್ಷೆಯ ತಂಡಕ್ಕೆ ನೀವೂ ಸೇರಬೇಕೆಂದು ಶಬ್ನಮ್ ಕೇಳಿದಾಗ ಗುರುಗಳು ಒಪ್ಪಲಿಲ್ಲ. ಕಣವನ್ನು ಸಾಕಿ ಬೆಳೆಸಿದವಳೇ ಅದರ ಪರೀಕ್ಷೆ ಮಾಡಬಾರದೆಂದರು. ಕೇಳಿ ವಹಿಸಿಕೊಂಡದ್ದು ಒಂದೇ ಕೆಲಸ: ರೋಗಿಗಳಿಗೆ ಓದಿಹೇಳುವ ತಿಳಿವಳಿಕೆಯ ಹಾಳೆಗಳನ್ನು ಕನ್ನಡದಲ್ಲಿ ಬರೆದುಕೊಡುವುದು. ಮೊದಲು ಬಂದಿದ್ದ ಅನುವಾದವನ್ನು ಹಿಡಿದು ಅವರು ಕೆಂಪಾಪುರಕ್ಕೆ ಹೋಗಿ ಬೈರಮ್ಮನವರಿಗೆ ಓದಿದರು. "ಪ್ರತಿಕೂಲ ಪರಿಣಾಮಗಳ ಸಂಭವನೀಯತೆಯನ್ನು" ಎಂಬಲ್ಲಿಗೆ ಬರುತ್ತಲೇ ಬೈರಮ್ಮ ಕೈ ಅಡ್ಡ ಹಿಡಿದರು.

"ತಡಿ ತಡಿ. ಇದೇನ್ ಪೂಜೆ ಮಂತ್ರ ಕಣವ್ವ? ನಂಗೆ ಆವತ್ತು ಬೆಂಚಲ್ಲಿ ಹೇಳಿದ್ಯಲ್ಲ, ಅಂಗೇ ಬರಿ."

ಅವರು ಹಾಗೆಯೇ ಬರೆದರು. ಅನುಮೋದನೆ ಪಡೆದ ಆ ಹಾಳೆ ಹೀಗೆ ಶುರುವಾಗುತ್ತದೆ: "ಇದು ನಿಮ್ಮನ್ನು ಗುಣಮಾಡುತ್ತದೆ ಎಂದು ನಾವು ಹೇಳುತ್ತಿಲ್ಲ. ನಮಗೂ ಇನ್ನೂ ಗೊತ್ತಿಲ್ಲ. ನೀವು ಬೇಡ ಅನ್ನಬಹುದು. ಬೇಡ ಅಂದರೂ ನಿಮ್ಮನ್ನು ನೋಡಿಕೊಳ್ಳುವುದರಲ್ಲಿ ಏನೂ ಕಮ್ಮಿಯಾಗುವುದಿಲ್ಲ."

ಕಳೆದ ತಿಂಗಳು ಆಸ್ಪತ್ರೆಯ ವೈದ್ಯರು ಆ ಹಾಳೆಯನ್ನು ಓದಿಹೇಳಿದ ಮೊದಲ ರೋಗಿ ಕನಕಪುರ ಕಡೆಯ ಬಸವಯ್ಯ ಎಂಬ ಹಿರಿಯರು. ಪೂರ್ತಿ ಕೇಳಿಸಿಕೊಂಡು, ಮಗಳೊಂದಿಗೆ ಮಾತಾಡಿ, ಬ್ಯಾಡ ಬುಡಿ ಎಂದು ಎದ್ದು ಹೋದರು. ಅಷ್ಟು ವರ್ಷ ಕಾದಿದ್ದ ದಿನ ಹೀಗಾಯಿತಲ್ಲ ಎಂದು ಶಬ್ನಮ್ ಕುಗ್ಗಿದ ದನಿಯಲ್ಲಿ ಗುರುಗಳಿಗೆ ಫೋನ್ ಮಾಡಿದರು. "ಮೊದಲನೆಯವರೇ ಬೇಡ ಅಂದುಬಿಟ್ಟರು ಮೇಡಂ."

ಮೇಡಮ್ಮನವರು ನಕ್ಕರು. "ಹಾಗಾದ್ರೆ ಅರ್ಥ ಆಗಿದೆ ಅಂತಾಯ್ತು. ಇನ್ನೊಬ್ಬರಿಗೆ ಓದಿ ಹೇಳಿಸು."

ಆಮೇಲೆ ಒಬ್ಬ ಹೆಣ್ಣುಮಗಳು ಅರ್ಧ ದಿನ ಪ್ರಶ್ನೆಗಳನ್ನು ಕೇಳಿ, ಒಪ್ಪಿದರು. ಮೊದಲ ಔಷಧಿ ಅವರ ಮೈ ಸೇರಿದೆ. ಏನಾಗುವುದೆಂದು ಇದನ್ನು ಬರೆಯುವ ಹೊತ್ತಿಗೆ ಯಾರಿಗೂ ತಿಳಿಯದು. ತಿಳಿಯದೆಂದು ಆ ಹೆಣ್ಣುಮಗಳಿಗೂ ತಿಳಿದಿದೆ. ಉತ್ತರ ಬರುವ ದಿನ ರಾಧಾಮಣಿಯವರು ನಮ್ಮೊಡನೆ ಇರಬೇಕು, ಅದು ಒಳ್ಳೆಯದಾದರೂ ಕೆಟ್ಟದ್ದಾದರೂ ಇದ್ದದ್ದು ಇದ್ದ ಹಾಗೆ ಬರೆಯುವುದನ್ನು ನಮಗೆ ಇನ್ನೊಮ್ಮೆ ಕಲಿಸಬೇಕು. ಅದಕ್ಕೆ ಬೇಕಾದಷ್ಟು ಆಯುಸ್ಸು, ಆರೋಗ್ಯ, ಅನಂತರಾಜು ಮೇಷ್ಟ್ರ ಜೊತೆಯ ನಗೆಮಾತು ಎಲ್ಲವೂ ಅವರಿಗೆ ತುಂಬಿ ಸಿಗಲೆಂದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಂದ ಬಂದು ಅವರ ಬೆಂಚಿನ ಮೇಲೆ ಕೂತು ಎದ್ದವರೆಲ್ಲರ ಪರವಾಗಿ ಮನಸಾರೆ ಹಾರೈಸುತ್ತೇವೆ.